ಸೆಲ್ಲು ಸಿಕ್ಕರೆ ಸಾಲದು: ಹಳೇ ಲ್ಯಾಪ್‌ಟಾಪಿಗೆ ಮನೆಯಲ್ಲೇ ಬ್ಯಾಟರಿ

ಚಾರ್ಜರ್ ವೈರಿಗೆ ಯಾರದಾದರೂ ಕಾಲು ತಗುಲಿದರೆ ಸಾಕು, ಪರದೆ ಕಪ್ಪು. ಮಳವಳ್ಳಿ, ಮದ್ದೂರು ಕಡೆಯ ಎಷ್ಟೋ ಮನೆಗಳಲ್ಲಿ ಹತ್ತು-ಹನ್ನೆರಡು ವರ್ಷದ ಲ್ಯಾಪ್‌ಟಾಪುಗಳ ಕಥೆ ಇದು. ಕೀಬೋರ್ಡು ಗಟ್ಟಿಯಾಗಿರುತ್ತದೆ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಓಟವೂ ಚುರುಕು. ಬ್ಯಾಕಪ್ ಮಾತ್ರ ಎರಡು ನಿಮಿಷ. ಅಂಗಡಿಯಲ್ಲಿ ವಿಚಾರಿಸಿದರೆ ‘ಆ ಮಾಡೆಲ್ ಬರ್ತಾ ಇಲ್ಲ ಸಾರ್’ ಎಂಬ ಉತ್ತರ. ಆನ್‌ಲೈನಿನಲ್ಲಿ ಸಿಗುವ ‘ಕಂಪ್ಯಾಟಿಬಲ್’ ಬ್ಯಾಟರಿ ಆರು ತಿಂಗಳು ಬಾಳಿದರೆ ಪುಣ್ಯ. ಹಾಗಿದ್ದರೆ ಡಬ್ಬಿ ಬಿಚ್ಚಿ, ಒಳಗಿನ ಸೆಲ್ಲುಗಳನ್ನು ತೆಗೆದು, ಹೊಸವನ್ನು ಕೂರಿಸಿದರೆ ಆಗದೇ?

ಆಗುತ್ತದೆ, ಕೆಲವು ಲ್ಯಾಪ್‌ಟಾಪುಗಳಿಗೆ. ಸೆಲ್ಲು ಹುಡುಕುವುದಾಗಲೀ ಜೋಡಿಸುವುದಾಗಲೀ ಇದರಲ್ಲಿ ಕಷ್ಟದ ಭಾಗವಲ್ಲ. ಸೆಲ್ಲುಗಳ ಲೆಕ್ಕ ಹೊಂದಿಸುವುದು ಒಂದು ಕಷ್ಟ, ಡಬ್ಬಿಯೊಳಗೆ ಕುಳಿತು ಆ ಲೆಕ್ಕ ಬರೆಯುವ ಸಣ್ಣ ಬೋರ್ಡನ್ನು ಒಪ್ಪಿಸುವುದು ಇನ್ನೊಂದು.

ಮೊದಲು ಬ್ಯಾಟರಿಯ ಬೆನ್ನ ಮೇಲಿನ ಚೀಟಿ ಓದಬೇಕು. 10.8 ಅಥವಾ 11.1 ವೋಲ್ಟ್, 4,400 ಎಂಎಎಚ್ ಎಂದಿದ್ದರೆ ಒಳಗೆ ಸಾಮಾನ್ಯವಾಗಿ ಆರು ಸೆಲ್ಲುಗಳಿರುತ್ತವೆ. ಒಂದೊಂದೂ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅದಕ್ಕೇ ಅದರ ಹೆಸರು 18650. ಲಿಥಿಯಂ-ಅಯಾನ್ ಸೆಲ್ಲಿನ ಸರಾಸರಿ ಒತ್ತಡ 3.6 ಅಥವಾ 3.7 ವೋಲ್ಟ್, ತುಂಬಿದಾಗ 4.2. ಎರಡೆರಡು ಸೆಲ್ಲನ್ನು ಪಕ್ಕಪಕ್ಕ ಕಟ್ಟಿ ಜೋಡಿ ಮಾಡಿ, ಅಂಥ ಮೂರು ಜೋಡಿಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿರುತ್ತಾರೆ. ರಿಪೇರಿಯವರ ಭಾಷೆಯಲ್ಲಿ ಇದು 3ಎಸ್2ಪಿ. 14.4 ಅಥವಾ 14.8 ವೋಲ್ಟ್ ಎಂದಿದ್ದರೆ ಸಾಲಿನಲ್ಲಿ ನಾಲ್ಕು.

ಈ ಪಕ್ಕಪಕ್ಕ ಮತ್ತು ಸಾಲು ಏನೆಂದು ತಿಳಿಯಲು ಶಿವನಸಮುದ್ರದ ಕಡೆಯವರು ದೂರ ಹೋಗಬೇಕಿಲ್ಲ. ಅಲ್ಲಿ ಕಾವೇರಿ ಎರಡು ಸೀಳಾಗಿ ನಡುಗಡ್ಡೆಯನ್ನು ಬಳಸುತ್ತಾಳೆ. ಒಂದು ಕವಲು ಗಗನಚುಕ್ಕಿಯಲ್ಲಿ ಧುಮುಕುತ್ತದೆ, ಇನ್ನೊಂದು ಭರಚುಕ್ಕಿಯಲ್ಲಿ. ಕೆಳಗೆ ಮತ್ತೆ ಒಂದಾಗುತ್ತವೆ. ಎರಡು ಜಲಪಾತಗಳ ಎತ್ತರ ಬೇರೆಬೇರೆ ಕಂಡರೂ, ಕವಲೊಡೆದ ಜಾಗದಿಂದ ಕೂಡುವ ಜಾಗದವರೆಗೆ ಎರಡು ಕವಲುಗಳೂ ಇಳಿಯುವ ಒಟ್ಟು ಎತ್ತರ ಒಂದೇ. ನೀರು ಮಾತ್ರ ಹಂಚಿಹೋಗುತ್ತದೆ. ಪಕ್ಕಪಕ್ಕ ಕಟ್ಟಿದ ಸೆಲ್ಲುಗಳೂ ಹಾಗೆಯೇ: ವೋಲ್ಟೇಜು ಒಂದೇ, ಕರೆಂಟು ಹಂಚಿಕೆ. ಅದೇ ನದಿ ಒಂದು ಜಲಪಾತ ಇಳಿದು ಮುಂದೆ ಇನ್ನೊಂದನ್ನೂ ಇಳಿದರೆ ಎತ್ತರಕ್ಕೆ ಎತ್ತರ ಕೂಡುತ್ತದೆ, ನೀರು ಅಷ್ಟೇ ಇರುತ್ತದೆ. ಅದು ಸಾಲು.

ಬ್ಯಾಟರಿಯ ಪಾಠ ಕೂಡ ಈ ಊರಿನಲ್ಲೇ ಇದೆ. 1902ರ ಜೂನ್ 30ರಂದು ಶಿವನಸಮುದ್ರದ ಬ್ಲಫ್ ವಿದ್ಯುದಾಗಾರದಿಂದ ಕರೆಂಟು ಹೊರಟಾಗ ಅದು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪಗಳಿಗೆ ಬಂದದ್ದು 1905ರಲ್ಲಿ. ಯಂತ್ರಗಳು ತಯಾರಿದ್ದರೂ ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಗೆ ಮಾತು ಕೊಟ್ಟಷ್ಟು ಕರೆಂಟು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಮಂಡ್ಯದ ಗದ್ದೆಗಳಷ್ಟೇ ಕಾರಣವಲ್ಲ, ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಹರಿಸುವುದೂ ಒಂದು ಕಾರಣ. ಮಳೆಗಾಲದ್ದನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುವ ಆ ಕೆಲಸವನ್ನೇ ಲ್ಯಾಪ್‌ಟಾಪಿನ ಡಬ್ಬಿಯೂ ಮಾಡುವುದು, ಚಿಕ್ಕ ಅಳತೆಯಲ್ಲಿ.

ಬ್ಯಾಟರಿ ‘ಸತ್ತಿದೆ’ ಎಂದಾಗ ಆರೂ ಸೆಲ್ಲು ಸತ್ತಿರುವುದು ಕಡಿಮೆ. ಸಾಲಿನ ಮೂರು ಜೋಡಿಗಳಲ್ಲಿ ಒಂದು ಸೊರಗಿದರೂ ಬೋರ್ಡು ಇಡೀ ಪ್ಯಾಕನ್ನು ನಿಲ್ಲಿಸಿಬಿಡುತ್ತದೆ, ಉಳಿದ ನಾಲ್ಕು ಸೆಲ್ಲಿನಲ್ಲಿ ಕಸುವಿದ್ದರೂ. ಇದು ಬರೀ ಊಹೆಯಲ್ಲ. ಐಬಿಎಂ ಕಂಪನಿಯ ಭಾರತೀಯ ಸಂಶೋಧನಾ ವಿಭಾಗ 2014ರಲ್ಲಿ ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ ಪರೀಕ್ಷಿಸಿತು. ಅವುಗಳಲ್ಲಿ ಶೇ 70ರಷ್ಟರಲ್ಲಿ ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ 4 ಗಂಟೆಗೂ ಹೆಚ್ಚು ಹೊತ್ತಿನಂತೆ ಒಂದು ವರ್ಷ ಉರಿಸುವಷ್ಟು ಜೀವ ಉಳಿದಿತ್ತು. ಚೆನ್ನಾಗಿದ್ದ ಸೆಲ್ಲುಗಳನ್ನು ಆರಿಸಿ ಅವರು ಮಾಡಿದ ಪೆಟ್ಟಿಗೆಗೆ ‘ಉರ್ಜಾರ್’ ಎಂದು ಹೆಸರಿಟ್ಟರು. ಒಂದಕ್ಕೆ ಸುಮಾರು 600 ರೂಪಾಯಿ ಬೀಳಬಹುದೆಂದು ಅಂದಾಜಿಸಿ, ಬೆಂಗಳೂರಿನಲ್ಲಿ ಕರೆಂಟು ಸರಿಯಾಗಿ ಸಿಗದ ಜನರ ಕೈಗೆ ಕೊಟ್ಟು ನೋಡಿದರು. ಬಳಸಿದವರು ಕೇಳಿದ್ದು ಎರಡು ಸುಧಾರಣೆ: ಇನ್ನೂ ಪ್ರಕಾಶದ ಬಲ್ಬು, ಮತ್ತೆ ಇಲಿ ಕಡಿಯದ ವೈರು.

ಉರ್ಜಾರ್ ದೀಪ ಉರಿಸಿತೇ ಹೊರತು ಲ್ಯಾಪ್‌ಟಾಪ್ ಓಡಿಸಲಿಲ್ಲ ಎಂಬುದನ್ನು ಗಮನಿಸಬೇಕು. ಕೆಲವೇ ವ್ಯಾಟ್ ಬೇಡುವ ದೀಪಕ್ಕೆ ಹಳೇ ಸೆಲ್ಲು ಸಾಕು. ಲ್ಯಾಪ್‌ಟಾಪ್ 15ರಿಂದ 40 ವ್ಯಾಟ್‌ವರೆಗೆ ಎಳೆಯುತ್ತದೆ, ಅದೂ ಏರಿಳಿತದಲ್ಲಿ. ಹಾಗಾಗಿ ಹಳೇ ಪ್ಯಾಕಿನಿಂದ ಕಿತ್ತ ಸೆಲ್ಲುಗಳನ್ನು ದೀಪ, ರೇಡಿಯೋಗಳಿಗೆ ಇಟ್ಟುಕೊಂಡು, ಲ್ಯಾಪ್‌ಟಾಪಿಗೆ ಹೊಸ ಸೆಲ್ಲು ತರುವುದೇ ಜಾಣತನ.

ಹೊಸ ಸೆಲ್ಲೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಇಲ್ಲವೇ ಆನ್‌ಲೈನ್. ಇಲ್ಲಿ ಮೋಸಕ್ಕೆ ಬೀಳುವವರೇ ಹೆಚ್ಚು. ಹೆಸರಾಂತ ತಯಾರಕರ 18650 ಸೆಲ್ಲುಗಳು ಬಹುತೇಕ 3,500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತವೆ. ಸೆಲ್ಲಿನ ಮೈಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ಅಂಥವನ್ನು ಅಳೆದು ನೋಡಿದರೆ ಮುದ್ರಿಸಿದ್ದರ ಕಾಲುಭಾಗವೂ ಸಿಗದಿರಬಹುದು. 2,200 ಅಥವಾ 2,600 ಎಂದು ಪ್ರಾಮಾಣಿಕವಾಗಿ ಬರೆದ, ಒಂದೇ ಕಂಪನಿಯ, ಒಂದೇ ಬ್ಯಾಚಿನ ಆರು ಸೆಲ್ಲುಗಳು ಸಾಕು. ತುದಿಯಲ್ಲಿ ನಿಕ್ಕಲ್ ಪಟ್ಟಿ ವೆಲ್ಡ್ ಆಗಿಯೇ ಬರುವ ಸೆಲ್ಲು ಸಿಕ್ಕರೆ ಇನ್ನೂ ಒಳ್ಳೆಯದು.

ಹೊಸದಿರಲಿ ಹಳೆಯದಿರಲಿ, ಅಳೆಯದೆ ಕಟ್ಟಬಾರದು. ಡಿಸ್ಚಾರ್ಜ್ ಮಾಡಿ ಕೆಪಾಸಿಟಿ ತೋರಿಸುವ ಚಾರ್ಜರುಗಳು ಸಿಗುತ್ತವೆ. ಡ್ರೋನ್, ರಿಮೋಟ್ ವಿಮಾನ ಹಾರಿಸುವ ಹುಡುಗರ ಬಳಿ ಇದ್ದೇ ಇರುತ್ತವೆ. ಸೆಲ್ಲನ್ನು 4.2ರವರೆಗೆ ತುಂಬಿ, ಅರ್ಧ ಆಂಪಿಯರಿನಂತೆ 3 ವೋಲ್ಟಿಗೆ ಇಳಿಸಿ, ಎಷ್ಟು ಎಂಎಎಚ್ ಬಂತೆಂದು ಮಾರ್ಕರಿನಲ್ಲಿ ಅದರ ಮೈಮೇಲೇ ಬರೆಯಬೇಕು. ಮತ್ತೆ ತುಂಬಿ ಎರಡು ವಾರ ಸುಮ್ಮನೆ ಇಡಬೇಕು. ಅಷ್ಟರಲ್ಲಿ 4.1ಕ್ಕಿಂತ ಕೆಳಗಿಳಿದ ಸೆಲ್ಲು ಒಳಗೊಳಗೇ ಸೋರುತ್ತಿದೆ ಎಂದರ್ಥ, ಅದು ಬೇಡ. ಚಾರ್ಜ್ ಆಗುವಾಗ ಕೈಗೆ ಬಿಸಿ ತಗುಲುವುದೂ ಬೇಡ. ಕಿತ್ತ ಸೆಲ್ಲು ಸಿಕ್ಕಾಗಲೇ 2 ವೋಲ್ಟಿಗಿಂತ ಕೆಳಗಿದ್ದರೆ ಅದಕ್ಕೆ ‘ಜೀವ ತುಂಬುವ’ ಸಾಹಸವೇ ಸಲ್ಲದು. ಅಷ್ಟು ಬರಿದಾದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು.

ಮುಂದಿನದು ಜೋಡಿ ಹೊಂದಿಸುವ ಲೆಕ್ಕ. ಆರು ಸೆಲ್ಲುಗಳು 2150, 2080, 2010, 1960, 1900, 1830 ಬಂದವು ಎಂದುಕೊಳ್ಳೋಣ. ದೊಡ್ಡ ಎರಡನ್ನು ಒಟ್ಟಿಗೆ, ಸಣ್ಣ ಎರಡನ್ನು ಒಟ್ಟಿಗೆ ಕಟ್ಟಿದರೆ ಒಂದು ಜೋಡಿ 4230, ಇನ್ನೊಂದು 3730. ಸಾಲಿನಲ್ಲಿ 3730ರ ಜೋಡಿ ಮೊದಲು ಬರಿದಾಗುತ್ತದೆ, ಉಳಿದವುಗಳಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಪ್ರತಿ ಸಲವೂ ಅದೇ ಜೋಡಿ ದಣಿದು ಬೇಗ ಮುದಿಯಾಗುತ್ತದೆ. ಅದರ ಬದಲು ಅತಿ ದೊಡ್ಡದಕ್ಕೆ ಅತಿ ಸಣ್ಣದನ್ನು ಸೇರಿಸಿದರೆ 2150ಕ್ಕೆ 1830, ಒಟ್ಟು 3980. 2080ಕ್ಕೆ 1900, ಮತ್ತೆ 3980. 2010ಕ್ಕೆ 1960, ಒಟ್ಟು 3970. ಮೂರೂ ಜೋಡಿ ಸಮ. ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಆರಿಸುವವರು ಎತ್ತಿಗೆ ಎತ್ತು ಹೊಂದಿಸುತ್ತಾರೆ. ಇಲ್ಲಿ ಹೊಂದಬೇಕಾದ್ದು ಜೋಡಿಗೆ ಜೋಡಿ. ಪಕ್ಕಪಕ್ಕ ಕಟ್ಟುವ ಮುನ್ನ ಎರಡರ ವೋಲ್ಟೇಜು ಒಂದೇ ಇರಬೇಕು, ಹೆಚ್ಚೆಂದರೆ 0.05 ವ್ಯತ್ಯಾಸ. ಇಲ್ಲದಿದ್ದರೆ ಮುಟ್ಟಿಸಿದ ಕ್ಷಣವೇ ಒಂದರಿಂದ ಇನ್ನೊಂದಕ್ಕೆ ಕರೆಂಟು ನುಗ್ಗುತ್ತದೆ.

ಸೆಲ್ಲಿನ ತುದಿಗೆ ಸೋಲ್ಡರಿಂಗ್ ಕಡ್ಡಿ ಇಡಬಾರದು. ಆ ಕಾವು ಒಳಗಿನ ತೆಳು ಪೊರೆಗೂ ರಬ್ಬರ್ ಸೀಲಿಗೂ ಪೆಟ್ಟು. ಕಾರ್ಖಾನೆಗಳಲ್ಲಿ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಹಿಡಿಸುತ್ತಾರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುವವರ ಬಳಿ ಈ ಯಂತ್ರ ಇರುತ್ತದೆ. ಜೋಡಿಸಿದ ಸೆಲ್ಲುಗಳನ್ನು ಅಲ್ಲಿಗೆ ಒಯ್ದು ಪಟ್ಟಿ ಹಾಕಿಸಿಕೊಂಡು ಬರುವುದು ಮನೆಯಲ್ಲಿ ಕೈ ಸುಟ್ಟುಕೊಳ್ಳುವುದಕ್ಕಿಂತ ಮೇಲು.

ಇನ್ನೊಂದು ಸಂಗತಿ ಗೊತ್ತಿರಲೇಬೇಕು. ಸೆಲ್ಲಿನ ಇಡೀ ಮೈ ಮೈನಸ್. ಪ್ಲಸ್ ಇರುವುದು ತಲೆಯ ಗುಂಡಿಯಲ್ಲಿ ಮಾತ್ರ. ಅದರ ಅಂಚಿನಲ್ಲೇ ಮೈನಸ್ ಇದೆ, ನಡುವೆ ತೆಳು ಪ್ಲಾಸ್ಟಿಕ್ ಹೊದಿಕೆಯಷ್ಟೇ. ಹಳೇ ಪ್ಯಾಕ್ ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಆ ಹೊದಿಕೆ ಹರಿದರೆ ಕಿಡಿ ಹಾರುತ್ತದೆ. ಡಬ್ಬಿಯ ಅಂಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಬಿಡಿಸಬೇಕು, ಉಂಗುರ, ಬಳೆ, ವಾಚು ತೆಗೆದಿಡಬೇಕು, ಪ್ರತಿ ತಲೆಗೂ ನಿರೋಧಕ ಕಾಗದದ ಉಂಗುರ ಅಂಟಿಸಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಸೋಲುವುದು ಬೋರ್ಡಿನ ಮುಂದೆ. ಆ ಹಸಿರು ಪಟ್ಟಿಯ ಮೇಲೆ ಒಂದು ಪುಟ್ಟ ಕಂಪ್ಯೂಟರೇ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್ಪುಗಳು ಬಹಳ ಕಡೆ ಕಾಣುತ್ತವೆ. ಪ್ರತಿ ಜೋಡಿಯ ವೋಲ್ಟೇಜು, ಶಾಖ, ಎಷ್ಟು ಸಲ ಚಾರ್ಜ್ ಆಯಿತು, ಒಟ್ಟು ಎಷ್ಟು ಹಿಡಿಯುತ್ತದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡು ಲ್ಯಾಪ್‌ಟಾಪಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಸೆಲ್ಲು ಕಿತ್ತ ಕೂಡಲೇ ಕೆಲವು ಬೋರ್ಡುಗಳು ‘ಏನೋ ಅನಾಹುತವಾಗಿದೆ’ ಎಂದು ತೀರ್ಮಾನಿಸಿ ಬೀಗ ಹಾಕಿಕೊಳ್ಳುತ್ತವೆ. ಬೀಗ ಬಿದ್ದ ಮೇಲೆ ಬಂಗಾರದಂಥ ಸೆಲ್ಲು ಕೊಟ್ಟರೂ ಅದು ಬಾಗಿಲು ತೆಗೆಯುವುದಿಲ್ಲ. ಇನ್ನು ಕೆಲವು ಬೋರ್ಡುಗಳಲ್ಲಿ ಅಪಾಯ ಕಂಡರೆ ಬೇಕೆಂದೇ ಸುಟ್ಟುಕೊಳ್ಳುವ ಫ್ಯೂಸ್ ಇರುತ್ತದೆ. ಅದನ್ನು ತಂತಿಯಿಂದ ಬೆಸೆದು ದಾಟುವವರಿದ್ದಾರೆ. ಅದು ಮನೆಗೆ ಬೆಂಕಿ ಇಡುವ ಕೆಲಸ.

ಈ ಬೀಗದ ಗಟ್ಟಿತನ ಕಂಪನಿಯಿಂದ ಕಂಪನಿಗೆ ಬೇರೆ. 2011ರಲ್ಲಿ ಚಾರ್ಲಿ ಮಿಲ್ಲರ್ ಎಂಬ ಭದ್ರತಾ ತಜ್ಞ ಆಪಲ್ ಲ್ಯಾಪ್‌ಟಾಪುಗಳ ಬ್ಯಾಟರಿ ಚಿಪ್ಪಿನಲ್ಲಿ ಕಾರ್ಖಾನೆಯ ಮೂಲ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದನ್ನು ತೋರಿಸಿಕೊಟ್ಟ. ಆದರೆ ಎಲ್ಲರೂ ಹೀಗೆ ಬಾಗಿಲು ತೆರೆದಿಟ್ಟಿಲ್ಲ. ಲೆನೊವೊ ಥಿಂಕ್‌ಪ್ಯಾಡ್‌ಗಳಲ್ಲಿ 2012ರ ಎಕ್ಸ್230, ಟಿ430 ಮಾದರಿಗಳಿಂದ ಲ್ಯಾಪ್‌ಟಾಪೇ ‘ಇದು ಅಸಲಿ ಬ್ಯಾಟರಿಯೇ?’ ಎಂದು ಕೇಳಿ, ಅಲ್ಲದಿದ್ದರೆ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಹಾಗಾಗಿ ಕಂಪನಿಯದೇ ಹಳೇ ಬೋರ್ಡನ್ನು ಉಳಿಸಿಕೊಂಡು ಸೆಲ್ಲು ಮಾತ್ರ ಬದಲಿಸುವುದು ಅನಿವಾರ್ಯ. ಬೋರ್ಡಿಗೆ ತಂತಿ ಹಿಡಿಸುವಾಗ ಸಾಲಿನ ಕೊನೆಯ ಮೈನಸ್ ಮೊದಲು, ಆಮೇಲೆ ಕೆಳಗಿನ ಜೋಡಿಯಿಂದ ಮೇಲಿನದಕ್ಕೆ ಕ್ರಮವಾಗಿ. ಕಿತ್ತದ್ದು ಇದರ ತಿರುಗುಮುರುಗು ಕ್ರಮದಲ್ಲಿರಬೇಕು. ಮುಗಿದ ಮೇಲೆ ಪ್ಯಾಕ್ ತಣ್ಣಗೆ ಮಲಗಿದ್ದರೆ ಗಾಬರಿ ಬೇಡ, ಚಾರ್ಜರ್ ಚುಚ್ಚಿದಾಗ ಏಳುವ ಬೋರ್ಡುಗಳೂ ಇವೆ.

ಬೋರ್ಡು ಎದ್ದರೂ ಅದರ ತಲೆಯಲ್ಲಿ ಹಳೇ ಸೆಲ್ಲಿನ ಲೆಕ್ಕವೇ ಇರುತ್ತದೆ. ಪೂರ್ತಿ ತುಂಬಿ ಎರಡು ಗಂಟೆ ಬಿಟ್ಟು, ಲ್ಯಾಪ್‌ಟಾಪ್ ತಾನಾಗಿ ಆರುವವರೆಗೆ ಓಡಿಸಿ, ಐದಾರು ಗಂಟೆ ಬಿಟ್ಟು ಮತ್ತೆ ತುಂಬಿದರೆ ಬಹಳಷ್ಟು ಬೋರ್ಡುಗಳು ಹೊಸ ಲೆಕ್ಕ ಕಲಿಯುತ್ತವೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟಿನಲ್ಲಿ ‘ಫುಲ್ ಚಾರ್ಜ್ ಕೆಪಾಸಿಟಿ’ ಏರಿದ್ದು ಕಂಡರೆ ಕಲಿತಿದೆ ಎಂದು ಲೆಕ್ಕ.

ಯಾವ ಪ್ಯಾಕಿಗೆ ಕೈ ಹಾಕಬಾರದು ಎಂಬುದೂ ಚೀಟಿಯಲ್ಲೇ ಇದೆ. 7.6, 11.4, 15.2 ವೋಲ್ಟ್ ಎಂದು ಬರೆದಿದ್ದರೆ ಅವು ಸೆಲ್ಲಿಗೆ 4.35 ವೋಲ್ಟ್‌ವರೆಗೆ ತುಂಬುವ ಜಾತಿಯವು. ಅಲ್ಲಿ ಮಾಮೂಲಿ 4.2ರ ಸೆಲ್ಲು ಕೂರಿಸಿದರೆ ಪ್ರತಿ ಚಾರ್ಜಿನಲ್ಲೂ ಅಳತೆ ಮೀರಿ ತುಂಬಿದಂತೆ. ಇವು ಹೆಚ್ಚಾಗಿ ತೆಳು ಲ್ಯಾಪ್‌ಟಾಪುಗಳ ಚಪ್ಪಟೆ ಪೊಟ್ಟಣದಂಥ ಸೆಲ್ಲುಗಳು. ಉಬ್ಬಿದ ಪೊಟ್ಟಣವನ್ನು ಚುಚ್ಚಿ ಗಾಳಿ ಬಿಡುವ ಪ್ರಯೋಗ ನೋಡಿ ಕಲಿತವರು ಅದನ್ನು ಮರೆಯುವುದೇ ಒಳ್ಳೆಯದು.

ಹೆದರಿಕೆ ಉತ್ಪ್ರೇಕ್ಷೆಯಲ್ಲ. 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿ ಸೋನಿ ಸೆಲ್ಲುಗಳಿದ್ದ 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಸಿಕೊಂಡಿತು. 1991ರಲ್ಲಿ ಲಿಥಿಯಂ-ಅಯಾನ್ ಸೆಲ್ಲನ್ನು ಮೊದಲು ಮಾರುಕಟ್ಟೆಗೆ ತಂದದ್ದೇ ಸೋನಿ. ಆ ಕಾರ್ಖಾನೆಯಲ್ಲೂ ತಯಾರಿಕೆಯಲ್ಲಿ ನುಸುಳಿದ ಲೋಹದ ಸೂಕ್ಷ್ಮ ಚೂರುಗಳು ಒಳಗೆ ಶಾರ್ಟ್ ಮಾಡಿ ಬೆಂಕಿ ಹಚ್ಚಬಲ್ಲವು ಎಂದಾದರೆ, ಊಟದ ಮೇಜಿನ ಮೇಲೆ ಕಟ್ಟಿದ ಪ್ಯಾಕಿನ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ಮೊದಲ ಹತ್ತು ಚಾರ್ಜು ಹಗಲಲ್ಲಿ, ಕಣ್ಣೆದುರಿಗೆ, ಕಲ್ಲು ಹಾಸಿನ ನೆಲದ ಮೇಲೆ ಆಗಬೇಕು. ಹಾಸಿಗೆ, ಪರದೆ, ಹುಲ್ಲಿನ ಮೆದೆ ದೂರ. ಹೊಗೆ ಬಂದರೆ ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಕಿತ್ತ ಮೇಲೆ ಧಾರಾಳವಾಗಿ ನೀರು ಸುರಿಯಬೇಕು, ಪಕ್ಕದ ಸೆಲ್ಲುಗಳು ತಣ್ಣಗಾಗುವವರೆಗೆ. ಹೊಗೆ ವಿಷ, ಕೋಣೆಯೊಳಗೆ ನಿಲ್ಲಬಾರದು. ಮನೆಯಲ್ಲಿ ಕಟ್ಟಿದ ಪ್ಯಾಕನ್ನು ವಿಮಾನದಲ್ಲಿ ಒಯ್ಯುವ ಯೋಚನೆಯನ್ನೂ ಬಿಡಬೇಕು.

ಇಷ್ಟು ಓದಿ ಕೈ ಹಿಂದೆಗೆದವರಿಗೆ ಇನ್ನೊಂದು ದಾರಿ ಇದೆ. ಬೋರ್ಡಿನ ಜಗಳವೇ ಇಲ್ಲದ್ದು. ಬ್ಯಾಟರಿಯನ್ನು ಲ್ಯಾಪ್‌ಟಾಪಿನ ಹೊರಗೇ ಇಟ್ಟು, ಚಾರ್ಜರ್ ಚುಚ್ಚುವ ತೂತಿಗೆ ಕರೆಂಟು ಕೊಡುವುದು. ಸೋಲಾರ್ ಬೀದಿದೀಪಗಳಿಗೆ ಬಳಸುವ 3.2 ವೋಲ್ಟ್, 6,000 ಎಂಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು ಸುಲಭವಾಗಿ ಸಿಗುತ್ತವೆ, ಬೆಂಕಿಯ ಭಯವೂ ಕಡಿಮೆ. ನಾಲ್ಕನ್ನು ಸಾಲಾಗಿ ಕಟ್ಟಿಸಿದರೆ 12.8 ವೋಲ್ಟ್, ಸುಮಾರು 77 ವ್ಯಾಟ್-ಅವರ್. ಅದೇ ಜಾತಿಗೆ ಹೊಂದುವ ನಾಲ್ಕು ಸೆಲ್ಲಿನ ರಕ್ಷಣಾ ಬೋರ್ಡು (ಬಿಎಂಎಸ್), 10 ಆಂಪಿಯರ್ ಫ್ಯೂಸು, 19 ವೋಲ್ಟಿಗೆ ಏರಿಸುವ ಬೂಸ್ಟ್ ಕನ್ವರ್ಟರು ಸೇರಿದರೆ ಆಯಿತು. ಕನ್ವರ್ಟರಿನಲ್ಲಿ ಹತ್ತನೇ ಒಂದು ಭಾಗ ಹೋದರೂ, 20 ವ್ಯಾಟ್ ಎಳೆಯುವ ಲ್ಯಾಪ್‌ಟಾಪು ಮೂರೂವರೆ ಗಂಟೆಯ ಹತ್ತಿರ ಓಡುತ್ತದೆ. ಲ್ಯಾಪ್‌ಟಾಪಿನೊಳಗಿನ ಸತ್ತ ಬ್ಯಾಟರಿಯನ್ನು ತೆಗೆದಿಡಬೇಕು, ಇಲ್ಲದಿದ್ದರೆ ಇದ್ದ ಕರೆಂಟನ್ನು ಅದಕ್ಕೆ ತುಂಬಿಸಲು ಲ್ಯಾಪ್‌ಟಾಪ್ ಒದ್ದಾಡುತ್ತದೆ. ಈ ಸೆಲ್ಲಿಗೆ 14.6 ವೋಲ್ಟಿನ ಚಾರ್ಜರೇ ಬೇಕು. ಮಾಮೂಲಿ ಲಿಥಿಯಂ-ಅಯಾನ್ ನಾಲ್ಕು ಸೆಲ್ಲಿನ 16.8ರದ್ದಲ್ಲ. ಡೆಲ್ ಲ್ಯಾಪ್‌ಟಾಪಿನವರಿಗೆ ಒಂದು ಕಿವಿಮಾತು: ಅದರ ಚಾರ್ಜರಿನ ನಡುವಿನ ಸಣ್ಣ ಪಿನ್ನು ಗುರುತಿನ ಚೀಟಿ ಇದ್ದಂತೆ. ಅದು ಮಾತಾಡದಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬೇಕೆಂದೇ ನಿಧಾನವಾಗುತ್ತದೆ.

ಸುಂದರ ಅಲ್ಲ, ಜೊತೆಗೊಂದು ಡಬ್ಬಿ ಹೊರಬೇಕು. ಆದರೂ ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ, ಕರೆಂಟು ಹೋದಾಗ ಆನ್‌ಲೈನ್ ಅರ್ಜಿ ಅರ್ಧಕ್ಕೆ ನಿಲ್ಲಬಾರದು ಎನ್ನುವವರಿಗೆ ಈ ಲೇಖನದ ಶಿಫಾರಸು ಇದೇ.

ಕಿತ್ತ ಸೆಲ್ಲುಗಳಲ್ಲಿ ಕೆಲಸಕ್ಕೆ ಬಾರದವುಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೇ ಬ್ಯಾಟರಿಯನ್ನು ಹಿಂದೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮನೆಯ ಕಸದ ಜೊತೆ ಹಾಕುವಂತಿಲ್ಲ. ಆರು ಸೆಲ್ಲಿನ ಪ್ಯಾಕಿನಲ್ಲಿ ಇರುವ ಲಿಥಿಯಂ ಸುಮಾರು 4 ಗ್ರಾಂ ಅಷ್ಟೇ. ಇದೇ ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿರುವುದು 1,600 ಟನ್, ಅದಿನ್ನೂ ಕಲ್ಲಿನೊಳಗಿದೆ.

ಹೊರಗಿನ ಪ್ಯಾಕ್ ಕಟ್ಟಿದವರು ಅದನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಒಳಗೆ ಸುತ್ತಲೂ ನಿರೋಧಕ ಹಾಳೆ ಹಾಸಿ ಇಡಲಿ. ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಹೋಗುವ ವೈರನ್ನು ಮನೆ ವೈರಿಂಗಿನ ಪೈಪಿನ ತುಂಡಿನೊಳಗೆ ತೂರಿಸಲಿ. ಬೆಂಗಳೂರಿನಲ್ಲಿ ಉರ್ಜಾರ್ ಬಳಸಿದವರು ಕಂಡ ಇಲಿಗಳು ಕಬ್ಬಿನ ಸೀಮೆಯಲ್ಲಿ ಇನ್ನೂ ದಪ್ಪಗಿರುತ್ತವೆ.